ಆರು ತಿಂಗಳ ಬಿ.ಟಿಎಚ್. ಮಾಡಿದರೆ ಪಾಸ್ಟರ್ ಆಗಬಹುದೇ?

ಪ್ರಶ್ನೆ: ನನಗೆ 46 ವರ್ಷ. ಪಿಯುಸಿ ಓದಿ ಗದಗ ಹತ್ತಿರದ ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತನಾಗಿದ್ದೇನೆ. ನಮ್ಮದು 35 ಮನೆಗಳ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. ಸಭಾಪಾಲಕರಿಗೆ ನಾಲ್ಕು ಸಭೆಗಳ ಹೊಣೆ ಇರುವುದರಿಂದ ತಿಂಗಳಿಗೊಮ್ಮೆ ಬರುತ್ತಾರೆ. ಉಳಿದ ಭಾನುವಾರಗಳಲ್ಲಿ ಆರಾಧನೆ ನಡೆಸಿ ಪ್ರಸಂಗ ಮಾಡುವವನು ನಾನೇ. ಹೇಳಿದ್ದನ್ನೇ ಹೇಳುತ್ತಿದ್ದೇನೆ ಅನ್ನಿಸುತ್ತಿದೆ, ಆದ್ದರಿಂದ ಓದಬೇಕೆಂಬ ಆಸೆ. ವಾಟ್ಸಾಪಿನಲ್ಲಿ ಒಂದು ಜಾಹೀರಾತು ಬಂದಿದೆ: 6 ತಿಂಗಳಿಗೆ ಬಿ.ಟಿಎಚ್. (ಬ್ಯಾಚುಲರ್ ಆಫ್ ಥಿಯಾಲಜಿ, ಅಂದರೆ ದೈವಶಾಸ್ತ್ರದ ಪದವಿ), ಇನ್ನು 6 ತಿಂಗಳಿಗೆ ಎಂ.ಡಿವ್. (ಮಾಸ್ಟರ್ ಆಫ್ ಡಿವಿನಿಟಿ), ಗೌನು-ಟೋಪಿ ಸೇರಿ 18,000 ರೂಪಾಯಿ, 'ಸರ್ಕಾರದಿಂದ ನೋಂದಾಯಿತ'. ಸೇರಬಹುದೇ? ಇದನ್ನು ಮುಗಿಸಿದರೆ ಪಾಸ್ಟರ್ ದೀಕ್ಷೆ ಸಿಗುತ್ತದೆಯೇ? ಇಂಗ್ಲಿಷ್ ಅಷ್ಟಕ್ಕಷ್ಟೆ. ಸಭೆಯ ಹಿರಿಯರೊಬ್ಬರು 'ಪವಿತ್ರಾತ್ಮನೇ ಕಲಿಸುವಾಗ ಕಾಲೇಜು ಯಾಕೆ, ಓದಿದವರ ವಿಶ್ವಾಸ ತಣ್ಣಗಾಗುತ್ತದೆ' ಅನ್ನುತ್ತಾರೆ. ನಮ್ಮ ಸಭಾಪಾಲಕರು ಬಿ.ಡಿ. (ಬ್ಯಾಚುಲರ್ ಆಫ್ ಡಿವಿನಿಟಿ) ಮುಗಿಸಿ ಇಪ್ಪತ್ತು ವರ್ಷವಾಯಿತು. ಅವರಿಗೂ ಹತ್ತು ದಿನದೊಳಗೆ ಮುಗಿಯುವಂಥದ್ದು ಏನಾದರೂ ಇದೆಯೇ ಎಂದು ಕೇಳಲು ಹೇಳಿದ್ದಾರೆ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಭಾನುವಾರದ ಪ್ರಸಂಗ ಚೆನ್ನಾಗಿ ಮಾಡಲು ಏನು ಓದಬೇಕು ಎನ್ನುವುದು ಒಂದು. ಏನು ಓದಿದರೆ ಪಾಸ್ಟರ್ ಎನ್ನಿಸಿಕೊಳ್ಳಬಹುದು ಎನ್ನುವುದು ಇನ್ನೊಂದು. ಜಾಹೀರಾತಿನವರ ವ್ಯಾಪಾರ ನಡೆಯುವುದೇ ಈ ಎರಡನ್ನೂ ಒಂದು ಮಾಡುವುದರಿಂದ. ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಯುವುದು ಒಂದು, ಆರ್‌ಟಿಓ ಕೊಡುವ ಲೈಸೆನ್ಸು ಇನ್ನೊಂದು. ಇಲ್ಲಿಯೂ ಹಾಗೆಯೇ: ಕೋರ್ಸಿನಿಂದ ಬರುವುದು ತಿಳಿವಳಿಕೆ. ಅಧಿಕಾರವನ್ನು ಕೊಡುವುದು ನಿಮ್ಮ ಸಭೆ, ಕೆಲವು ವಿಷಯಗಳಲ್ಲಿ ಸರ್ಕಾರ.

ಸಿ.ಎಸ್.ಐ.ನಲ್ಲಿ ದೀಕ್ಷೆಯ ದಾರಿ ಸ್ಥಳೀಯ ಸಭೆಯ ಶಿಫಾರಸಿನಿಂದ ಶುರುವಾಗುತ್ತದೆ. ಪ್ಯಾಸ್ಟೊರೇಟ್ ಕಮಿಟಿ (ಸಭೆಯ ಆಡಳಿತ ಸಮಿತಿ) ಹೆಸರು ಕಳಿಸಬೇಕು, ಡಯಾಸಿಸ್ (ಬಿಷಪ್ಪರ ಆಡಳಿತ ಪ್ರಾಂತ) ಸಂದರ್ಶನ ಮಾಡಿ ಆರಿಸಬೇಕು. ಆಮೇಲೆ ಡಯಾಸಿಸ್ಸೇ ಸಾಮಾನ್ಯವಾಗಿ ದೈವಶಾಸ್ತ್ರದ ಡಿಗ್ರಿ ಕೊಡುವ, ಬಂಗಾಳದ ಸೆರಾಂಪುರ ಸೆನೆಟ್‌ಗೆ ಸೇರಿದ ಕಾಲೇಜಿಗೆ ಬಿ.ಡಿ.ಗೆ ಕಳಿಸುತ್ತದೆ. ಓದು ಮುಗಿದ ಮೇಲೆ ಬಿಷಪ್ ಮೊದಲು ಡೀಕನ್ (ಸಹಾಯಕ ಸೇವಕ), ನಂತರ ಪ್ರೆಸ್ಬಿಟರ್ (ಪೂರ್ಣ ಸಭಾಪಾಲಕ) ಆಗಿ ದೀಕ್ಷೆ ಕೊಡುತ್ತಾರೆ. ಸ್ವಂತ ದುಡ್ಡಿನಲ್ಲಿ ಎಲ್ಲಿಯೋ ಓದಿ, ಸರ್ಟಿಫಿಕೇಟ್ ಹಿಡಿದು ಬಿಷಪ್ಪರ ಕಚೇರಿಗೆ ಹೋದವರು ಬರಿಗೈಲಿ ವಾಪಸ್ಸಾಗುವುದು ಇದೇ ಕಾರಣಕ್ಕೆ. ಅವರ ಓದು ಕಳಪೆಯೆಂದೇನಲ್ಲ, ಹಿಡಿದ ದಾರಿ ಬೇರೆ. ಇನ್ನು 46ನೇ ವಯಸ್ಸಿನಲ್ಲಿ ದೀಕ್ಷೆಗೆ ಅಭ್ಯರ್ಥಿಯಾಗಬಹುದೇ ಎನ್ನುವುದು ನಿಮ್ಮ ಡಯಾಸಿಸ್‌ನ ವಯೋಮಿತಿಗೆ ಬಿಟ್ಟದ್ದು. ಇದನ್ನು ಊಹೆಯ ಮೇಲೆ ಬಿಡಬೇಡಿ, ಡಯಾಸಿಸ್ ಕಾರ್ಯದರ್ಶಿಯನ್ನು ಪತ್ರದ ಮೂಲಕ ಕೇಳಿ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬಹುದು. ನೀವು ಈಗ ಮಾಡುತ್ತಿರುವ ಕೆಲಸಕ್ಕೆ ದೀಕ್ಷೆ ಬೇಕಿಲ್ಲ. ಬಿಷಪ್ಪರ ಅನುಮತಿ ಪಡೆದ ಲೇ ಪ್ರೀಚರ್ (ದೀಕ್ಷೆಯಿಲ್ಲದ ಪ್ರಸಂಗಿ) ಆರಾಧನೆ ನಡೆಸಬಹುದು, ಪ್ರಸಂಗ ಮಾಡಬಹುದು, ಮನೆ ಭೇಟಿ ಮಾಡಬಹುದು. ಕರ್ತನ ಭೋಜನವನ್ನು ನಡೆಸಿಕೊಡುವುದು ದೀಕ್ಷೆ ಪಡೆದವರ ಕೆಲಸ. ನಿಮ್ಮ ಬಳಿ ಆ ಅನುಮತಿ ಬರಹದಲ್ಲಿ ಇಲ್ಲದಿದ್ದರೆ ಕೋರ್ಸಿಗಿಂತ ಮೊದಲು ಅದನ್ನು ಮಾಡಿಸಿಕೊಳ್ಳಿ.

ಈಗ ಆ ಜಾಹೀರಾತು. ಲೆಕ್ಕವನ್ನೇ ನೋಡೋಣ. ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗದ) ಈಗಿನ ಚೌಕಟ್ಟಿನಲ್ಲಿ ಮೂರು ವರ್ಷದ ಡಿಗ್ರಿಗೆ ಕನಿಷ್ಠ 120 ಕ್ರೆಡಿಟ್ ಬೇಕು, ಒಂದು ಕ್ರೆಡಿಟ್ ಎಂದರೆ 15 ಗಂಟೆಯ ಪಾಠ. ಒಟ್ಟು 1,800 ಗಂಟೆ. ಇದನ್ನು 26 ವಾರಕ್ಕೆ ಹಂಚಿದರೆ ವಾರಕ್ಕೆ 69 ಗಂಟೆ ಪಾಠವೇ ಆಯಿತು, ಮನೆಯ ಓದು ಬೇರೆ. ಸಂಘದ ಗುಮಾಸ್ತರಿಗೆ ಇದು ಹೇಗೆ ಸಾಧ್ಯ ಎಂದು ಅವರನ್ನೇ ಕೇಳಿ ನೋಡಿ. 'ಅನುಭವಕ್ಕೆ ಕ್ರೆಡಿಟ್ ಕೊಡುತ್ತೇವೆ' ಎನ್ನುತ್ತಾರೆ. ಹಾಗೆಂದರೆ ನೀವು ಈಗಾಗಲೇ ಬಲ್ಲದ್ದಕ್ಕೆ ಹಣ ಕೊಟ್ಟು ರಸೀದಿ ಪಡೆದಂತೆ.

'ಸರ್ಕಾರದಿಂದ ನೋಂದಾಯಿತ' ಎಂಬ ಮಾತು ಸುಳ್ಳಲ್ಲ, ಆದರೆ ದಾರಿ ತಪ್ಪಿಸುತ್ತದೆ. ನೋಂದಣಿಯಾಗಿರುವುದು ಟ್ರಸ್ಟು ಅಥವಾ ಸೊಸೈಟಿ. ಅದು ನೋಂದಣಿ ಕಚೇರಿಯಲ್ಲಿ ಯಾರು ಬೇಕಾದರೂ ಮಾಡಿಸಬಹುದಾದ ಕೆಲಸ. ಐಎಸ್ಒ ಪ್ರಮಾಣಪತ್ರ ತೋರಿಸುವವರೂ ಇದ್ದಾರೆ. ಅದು ಕಚೇರಿ ನಿರ್ವಹಣೆಗೆ ಸಂಬಂಧಿಸಿದ್ದು. 1956ರ ಯುಜಿಸಿ ಕಾಯ್ದೆಯ 22ನೇ ಕಲಮಿನ ಪ್ರಕಾರ ಡಿಗ್ರಿ ಕೊಡುವ ಹಕ್ಕು ಇರುವುದು ಕಾಯ್ದೆಯ ಮೂಲಕ ಸ್ಥಾಪನೆಯಾದ ವಿಶ್ವವಿದ್ಯಾಲಯಕ್ಕೆ, ಡೀಮ್ಡ್ ವಿಶ್ವವಿದ್ಯಾಲಯಕ್ಕೆ, ಇಲ್ಲವೇ ಸಂಸತ್ತು ವಿಶೇಷವಾಗಿ ಅಧಿಕಾರ ಕೊಟ್ಟ ಸಂಸ್ಥೆಗೆ ಮಾತ್ರ. ಬೈಬಲ್ ಕಲಿಸಲು ಯಾರ ಅಪ್ಪಣೆಯೂ ಬೇಡ, ಸರ್ಟಿಫಿಕೇಟ್ ಕೊಡುವುದಕ್ಕೂ ಅಡ್ಡಿಯಿಲ್ಲ. ತೊಡಕಾಗುವುದು 'ಬ್ಯಾಚುಲರ್', 'ಮಾಸ್ಟರ್', 'ಡಾಕ್ಟರ್' ಎಂದು ಬರೆದುಕೊಟ್ಟಾಗ.

ಸೆರಾಂಪುರದ ಹೆಸರು ಪದೇ ಪದೇ ಬರುವುದೂ ಇದಕ್ಕೇ. ಕೇರಿ, ಮಾರ್ಷ್‌ಮನ್, ವಾರ್ಡ್ 1818ರಲ್ಲಿ ಕಟ್ಟಿದ ಆ ಕಾಲೇಜಿಗೆ 1827ರಲ್ಲಿ ಡೆನ್ಮಾರ್ಕಿನ ರಾಜ ಡಿಗ್ರಿ ಕೊಡುವ ಸನ್ನದು ಕೊಟ್ಟ. ಆಗ ಆ ಊರು ಡೇನರ ಕೈಯಲ್ಲಿತ್ತು. 1918ರ ಬಂಗಾಳ ಕಾಯ್ದೆ ಆ ಅಧಿಕಾರಕ್ಕೆ ಈಗಿನ ರೂಪ ಕೊಟ್ಟಿತು. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಜಿಕಲ್ ಕಾಲೇಜು, ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜು ಸೆನೆಟ್‌ಗೆ ಸೇರಿದವು. ಇನ್ನು ಏಷ್ಯಾ ಥಿಯಾಲಜಿಕಲ್ ಅಸೋಸಿಯೇಷನ್ನಿನ ಮಾನ್ಯತೆ ಬೇರೆ ಬಗೆಯದು. ಬೈಬಲ್ ಕಾಲೇಜುಗಳು ಒಂದನ್ನೊಂದು ಪರಿಶೀಲಿಸಿ ಗುಣಮಟ್ಟಕ್ಕೆ ಸಾಕ್ಷಿ ಹೇಳುವ ವ್ಯವಸ್ಥೆ ಅದು. ಓದಿನ ಮಟ್ಟಕ್ಕೆ ಅದು ಒಳ್ಳೆಯ ಸೂಚನೆಯೇ. ಆದರೆ ಅದನ್ನು ಯುಜಿಸಿ ಮಾನ್ಯತೆ ಎಂದುಕೊಳ್ಳಬೇಡಿ. 'ನಮ್ಮದು ಅಮೆರಿಕದ ಯೂನಿವರ್ಸಿಟಿ' ಎಂದರೆ ಇನ್ನೂ ಹುಷಾರಾಗಿರಿ. ಫ್ಲಾರಿಡಾದಂಥ ಕೆಲವು ರಾಜ್ಯಗಳಲ್ಲಿ ಧಾರ್ಮಿಕ ಪದವಿ ಮಾತ್ರ ಕೊಡುವ ಸಂಸ್ಥೆಗಳಿಗೆ ಸರ್ಕಾರದ ಲೈಸೆನ್ಸಿನಿಂದ ವಿನಾಯಿತಿ ಇದೆ. ಆ ವಿನಾಯಿತಿ ಪತ್ರವನ್ನೇ ಮಾನ್ಯತೆ ಪತ್ರವೆಂದು ತೋರಿಸುವುದುಂಟು. ದುಡ್ಡಿಗೆ ಸಿಗುವ ಗೌರವ ಡಾಕ್ಟರೇಟಿನ ಬಗ್ಗೆ ಹೇಳುವುದೇನಿದೆ? ಹೆಸರಿನ ಹಿಂದೆ ಎರಡಕ್ಷರ ಸೇರುತ್ತದೆ, ಭಾನುವಾರದ ಪ್ರಸಂಗ ಇದ್ದಲ್ಲೇ ಇರುತ್ತದೆ.

ಹಿರಿಯರ ಮಾತಿಗೆ ಬರುತ್ತೇನೆ. ಅದನ್ನು ಹಗುರವಾಗಿ ತಳ್ಳಿಹಾಕಬೇಡಿ, ಅದರಲ್ಲಿ ಎರಡು ಭಾಗಗಳಿವೆ. ಪವಿತ್ರಾತ್ಮನು ಕಲಿಸುತ್ತಾನೆ ಎಂಬುದಕ್ಕೆ ಅವರು ಯೋಹಾನ 14ನ್ನು ತೋರಿಸಬಹುದು. ನೀವು ಅಪೊಸ್ತಲರ ಕೃತ್ಯಗಳು 18ನ್ನು ತೆರೆಯಿರಿ. ಅಪೊಲ್ಲೋಸ ವಾಕ್ಚತುರ, ಶಾಸ್ತ್ರದಲ್ಲಿ ಪ್ರವೀಣ. ಆದರೂ ಪ್ರಿಸ್ಕಿಲ್ಲ, ಅಕ್ವಿಲ ಎಂಬ ದಂಪತಿ ಅವನನ್ನು ಕರೆದುಕೊಂಡು ಹೋಗಿ ದೇವರ ಮಾರ್ಗವನ್ನು ಇನ್ನಷ್ಟು ಸರಿಯಾಗಿ ವಿವರಿಸಿದರು. ಅವರು ಗುಡಾರ ಮಾಡುವ ಕಸುಬಿನವರು. ಪೌಲ ಸೆರೆಯಿಂದ ತಿಮೊಥೆಯನಿಗೆ ಬರೆದ ಎರಡನೆಯ ಪತ್ರದಲ್ಲಿ ಮೇಲಂಗಿಯ ಜೊತೆ ಪುಸ್ತಕಗಳನ್ನೂ ತರಲು ಹೇಳುತ್ತಾನೆ. ಈ ಭಾಗವನ್ನು ಇಷ್ಟಕ್ಕೆ ಮುಗಿಸಬಹುದು.

'ವಿಶ್ವಾಸ ತಣ್ಣಗಾಗುತ್ತದೆ' ಎನ್ನುವ ಭಾಗ ಅಷ್ಟು ಸುಲಭದ್ದಲ್ಲ. ಅದಕ್ಕೆ ಕಾರಣವಿದೆ. ಮೊದಲ ಎರಡು ಮೂರು ತಿಂಗಳಲ್ಲೇ ಕೆಲವು ಪಾಠಗಳು ವಿದ್ಯಾರ್ಥಿಯನ್ನು ಅಲುಗಿಸುತ್ತವೆ. ಆದಿಕಾಂಡದ 1ನೇ ಅಧ್ಯಾಯದಲ್ಲಿ ಗಿಡಮರ, ಪ್ರಾಣಿಗಳ ನಂತರ ಮನುಷ್ಯ. 2ನೇ ಅಧ್ಯಾಯದಲ್ಲಿ ಮನುಷ್ಯ ಮೊದಲು. ಮಾರ್ಕನ ಸುವಾರ್ತೆಯ 16ನೇ ಅಧ್ಯಾಯದ 9ರಿಂದ 20ರವರೆಗಿನ ವಚನಗಳು ಸೀನಾಯಿ ಮತ್ತು ವ್ಯಾಟಿಕನ್ ಎಂಬ ಎರಡು ಅತಿ ಹಳೆಯ ಹಸ್ತಪ್ರತಿಗಳಲ್ಲಿ ಇಲ್ಲ. ಯೆಶಾಯನ ಪುಸ್ತಕದ 40ನೇ ಅಧ್ಯಾಯದಿಂದ ಮುಂದಿನ ಭಾಗ ಬಾಬೆಲಿನ ಸೆರೆಯಲ್ಲಿದ್ದವರನ್ನು ಕುರಿತು ಮಾತಾಡುತ್ತದೆ. ಅದನ್ನು ಬೇರೆ ಕಾಲದ ಪ್ರವಾದಿಯ ಮಾತು ಎಂದು ಬಹಳ ಮಂದಿ ವಿದ್ವಾಂಸರು ಹೇಳುತ್ತಾರೆ. ಇದನ್ನೆಲ್ಲ ಒಬ್ಬನೇ ಕೂತು ಪಿಡಿಎಫ್‌ನಲ್ಲಿ ಓದಿದವನಿಗೆ ತಲೆ ತಿರುಗುತ್ತದೆ. ಕೆಲವರು ಹೆದರಿ ಓದು ಬಿಡುತ್ತಾರೆ. ಇನ್ನು ಕೆಲವರು ಮುಂದಿನ ಭಾನುವಾರವೇ ಗುಡಿಯಲ್ಲಿ ನಿಂತು 'ಮಾರ್ಕನ ಕೊನೆ ಮಾರ್ಕನದ್ದಲ್ಲ' ಎಂದು ಘೋಷಿಸುತ್ತಾರೆ. ಸಭೆಗೆ ಹೆಚ್ಚು ನೋವಾಗುವುದು ಎರಡನೆಯದರಿಂದ. ಇದಕ್ಕೆ ಪರಿಹಾರ ಸರಳ: ಅನುಮಾನ ಕೇಳಲು ಪಾಠ ಹೇಳುವವರಿರಬೇಕು, ಜೊತೆಗೆ ಕೂತು ಓದುವವರಿರಬೇಕು. ಹೊಸದಾಗಿ ಕಲಿತ ವಿಮರ್ಶೆಯ ವಿಷಯವನ್ನು ಕನಿಷ್ಠ ಒಂದು ವರ್ಷ ಪ್ರಸಂಗಕ್ಕೆ ತರಬಾರದು. ಅದು ನಿಮ್ಮ ತಯಾರಿಯ ಟಿಪ್ಪಣಿಯಲ್ಲಿ ಇದ್ದರೆ ಸಾಕು.

ಹಾಗಾದರೆ ಸಣ್ಣ ಕೋರ್ಸಿನಿಂದ ಬರುವ ಲಾಭ ಯಾವುದು? ಒಂದೇ ಉದಾಹರಣೆ ಸಾಕು. ಯೆರೆಮೀಯ 29:11 ನಮ್ಮಲ್ಲಿ ಕ್ಯಾಲೆಂಡರಿನ ಮೇಲೆ, ಹೊಸ ವರ್ಷದ ಕಾರ್ಡಿನ ಮೇಲೆ ಇದ್ದೇ ಇರುತ್ತದೆ. ಅದು ಗತಿ ಕಾಣಿಸುವ, ನಿರೀಕ್ಷೆ ಕೊಡುವ ವಾಗ್ದಾನ. ಪ್ರಸಂಗಿ ಅದನ್ನೆತ್ತಿಕೊಂಡು ಕೆಲಸ ಸಿಗುತ್ತದೆ, ಸಾಲ ತೀರುತ್ತದೆ ಎನ್ನುತ್ತಾನೆ. ಅದರ ಹಿಂದಿನ ವಚನವನ್ನೇ ಓದಿದರೆ ಎಪ್ಪತ್ತು ವರ್ಷ ಬಾಬೆಲಿನಲ್ಲಿ ಕಳೆದ ಮೇಲೆ ಎಂದಿದೆ. ಐದರಿಂದ ಏಳನೆಯ ವಚನ ಓದಿದರೆ, ಅಲ್ಲಿಯೇ ಮನೆ ಕಟ್ಟಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ, ನಿಮ್ಮನ್ನು ಸೆರೆಯೊಯ್ದ ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎಂದಿದೆ. ಬೇಗ ಬಿಡುಗಡೆ ಎಂದು ಹೇಳುತ್ತಿದ್ದವರನ್ನು ಆ ಪತ್ರ ಸುಳ್ಳು ಪ್ರವಾದಿಗಳು ಎನ್ನುತ್ತದೆ. ಅಂದರೆ ಆ ಕ್ಯಾಲೆಂಡರ್ ಪ್ರಸಂಗ, ಪತ್ರ ಯಾರನ್ನು ಖಂಡಿಸುತ್ತದೆಯೋ ಅವರ ಮಾತಿಗೇ ಹತ್ತಿರವಾಯಿತು. ವಚನದ ಹಿಂದು ಮುಂದು ಓದುವುದು, ಯಾರು ಯಾರಿಗೆ ಯಾವಾಗ ಹೇಳಿದರು ಎಂದು ಕೇಳುವುದು: ಹತ್ತು ಹನ್ನೆರಡು ವಾರದ ಒಳ್ಳೆಯ ಕೋರ್ಸು ಇಷ್ಟನ್ನು ರೂಢಿ ಮಾಡಿಸಿದರೆ 'ಹೇಳಿದ್ದನ್ನೇ ಹೇಳುತ್ತಿದ್ದೇನೆ' ಎಂಬ ನಿಮ್ಮ ಕಷ್ಟ ಅರ್ಧ ತೀರುತ್ತದೆ. ಹದಿನೈದು ನಿಮಿಷದ ಪ್ರಸಂಗಕ್ಕೆ ಸುಮಾರು 1,400 ಪದ ಬೇಕಾಗುತ್ತದೆ. ಒಂದು ವಾಕ್ಯಭಾಗವನ್ನು ಅದರ ಸಂದರ್ಭದಲ್ಲಿ ಓದಿದವನಿಗೆ ಅಷ್ಟು ಪದ ತಾನಾಗಿ ಬರುತ್ತದೆ. ಸಂದರ್ಭ ಗೊತ್ತಿಲ್ಲದವನು ಅದೇ ಮೂರು ಸಾಕ್ಷಿ, ಅದೇ ಎರಡು ಕಥೆಗಳಿಂದ ಆ ಜಾಗ ತುಂಬುತ್ತಾನೆ.

ಗ್ರೀಕ್, ಹೀಬ್ರೂ ಬೇಕೇ ಎಂದು ನೀವು ಕೇಳಿಲ್ಲ, ಆದರೂ ಜಾಹೀರಾತುಗಳು ಅದನ್ನು ದೊಡ್ಡದಾಗಿ ಹಾಕುತ್ತವೆ. ಒಂದು ತಿಂಗಳ ಗ್ರೀಕಿನಲ್ಲಿ ಅಕ್ಷರಮಾಲೆ ಬರುತ್ತದೆ, ಅದರಿಂದಾಚೆ ಹೆಚ್ಚೇನೂ ಇಲ್ಲ. ನಿಮ್ಮ ಕೆಲಸಕ್ಕೆ ಎರಡು ಕನ್ನಡ ಅನುವಾದಗಳನ್ನು ಪಕ್ಕಪಕ್ಕ ಇಟ್ಟು ಓದುವ ಅಭ್ಯಾಸ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ನಿಮ್ಮ ಸ್ಥಿತಿಗೆ ನಾನು ಮೊದಲು ತೋರಿಸುವುದು ಟಿಇಇ (ಥಿಯಾಲಜಿಕಲ್ ಎಜುಕೇಷನ್ ಬೈ ಎಕ್ಸ್‌ಟೆನ್ಷನ್) ಬಗೆಯ ಕಲಿಕೆ, ಅಂದರೆ ಕೆಲಸ ಬಿಡದೆ ಊರಿನಲ್ಲೇ ಇದ್ದು ಓದುವುದು. ಈ ಪದ್ಧತಿ 1963ರಲ್ಲಿ ಗ್ವಾಟೆಮಾಲಾದ ಪ್ರೆಸ್ಬಿಟೇರಿಯನ್ ಸೆಮಿನರಿಯಲ್ಲಿ ಹುಟ್ಟಿತು. ಹಳ್ಳಿ ಸಭೆಗಳನ್ನು ನಿಜವಾಗಿ ನಡೆಸುತ್ತಿದ್ದ ರೈತರು ಹೊಲಮನೆ ಬಿಟ್ಟು ರಾಜಧಾನಿಗೆ ಬರಲಾರರು, ಬಂದು ಓದಿದ ಹುಡುಗರು ಹಳ್ಳಿಗೆ ಮರಳಲೊಲ್ಲರು. ಆ ಸೆಮಿನರಿ ಎದುರಿಸಿದ ತೊಂದರೆ ಇದು. ನಮ್ಮ ಸಭೆಗಳಿಗೂ ಇದು ಹೊಸದಲ್ಲ. ಭಾರತದಲ್ಲಿ ಇದಕ್ಕಾಗಿಯೇ ಬೆಂಗಳೂರಿನಲ್ಲಿ 1971ರಲ್ಲಿ ಟ್ಯಾಫ್ಟೀ ಸಂಸ್ಥೆ ಶುರುವಾಯಿತು. ಅದರ ಪಾಠಗಳು ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಲ್ಲಿವೆ.

ಇದು ನಡೆಯುವುದು ಮೂರು ಕಾಲಿನ ಮೇಲೆ. ಪ್ರಶ್ನೆಗೆ ಉತ್ತರ ಬರೆಯುತ್ತ ಹೋಗುವ ಪಾಠಪುಸ್ತಕ, ವಾರಕ್ಕೊಮ್ಮೆ ಟ್ಯೂಟರ್ ಜೊತೆ ಗುಂಪು ಚರ್ಚೆ, ಕಲಿತದ್ದನ್ನು ಆ ವಾರವೇ ಸಭೆಯಲ್ಲಿ ಮಾಡಿ ನೋಡುವುದು. ದಿನಕ್ಕೆ 45 ನಿಮಿಷದಂತೆ ಐದು ದಿನ, ಗುಂಪಿಗೆ ಒಂದೂವರೆ ಗಂಟೆ. ವಾರಕ್ಕೆ ಐದೂಕಾಲು ಗಂಟೆಯಾಯಿತು. ಸಂಜೆ ಸಂಘದ ಲೆಕ್ಕ ಮುಗಿಸಿ ಬಂದವರಿಗೂ ಇದು ಸಾಧ್ಯ. ಆದರೆ ಕೆಡುವುದು ಎಲ್ಲಿ ಎಂದೂ ತಿಳಿದಿರಲಿ. ಗುಂಪು ಒಡೆದರೆ ಕೋರ್ಸೇ ನಿಂತಂತೆ. ಕೊಯ್ಲು, ಮದುವೆ ಸೀಸನ್ನು, ಕ್ರಿಸ್ಮಸ್ ತಯಾರಿ ಎಂದು ಎರಡು ವಾರದ ಗುಂಪು ಚರ್ಚೆ ತಪ್ಪಿದರೆ ಪುಸ್ತಕ ಕಪಾಟು ಸೇರುತ್ತದೆ. ಇನ್ನೊಂದು ತೊಡಕು, ಬಿಟ್ಟ ಜಾಗ ತುಂಬುವ ಉತ್ತರಗಳನ್ನು ಗುಂಪಿನ ಹಿಂದಿನ ರಾತ್ರಿ ಒಟ್ಟಿಗೆ ನಕಲು ಹೊಡೆಯುವುದು. ಹಾಗೆ ಮಾಡಿದವರು ಪಾಸಾಗುತ್ತಾರೆ, ಕಲಿತಿರುವುದಿಲ್ಲ. ಆದ್ದರಿಂದ ಒಬ್ಬರೇ ಸೇರಬೇಡಿ. ನಿಮ್ಮ ಸಭಾಪಾಲಕರ ನಾಲ್ಕೂ ಸಭೆಗಳಿಂದ ಐದಾರು ಜನರನ್ನು ಕೂಡಿಸಿ. ಸಂಡೇ ಸ್ಕೂಲಿನ ಟೀಚರುಗಳು, ಸ್ತ್ರೀಯರ ಸಂಘದ ಒಬ್ಬಿಬ್ಬರು ಖಂಡಿತ ಇರಲಿ. ಸುಗ್ಗಿಯ ತಿಂಗಳು ಬಿಟ್ಟು ಜೂನ್ ಮಧ್ಯದಲ್ಲಿ ಶುರು ಮಾಡಿ.

ಇದರ ಮೇಲಿನ ಮೆಟ್ಟಿಲು ಸೆರಾಂಪುರ ಸೆನೆಟ್ ಹೊರ ವಿದ್ಯಾರ್ಥಿಗಳಿಗೆಂದು ಕೋಲ್ಕತ್ತಾದ ಸೆಪ್ಟರ್ ಕೇಂದ್ರದ ಮೂಲಕ ನಡೆಸುವ ಡಿಪ್ಲೊಮಾ ಇನ್ ಕ್ರಿಶ್ಚಿಯನ್ ಸ್ಟಡೀಸ್, ಬ್ಯಾಚುಲರ್ ಆಫ್ ಕ್ರಿಶ್ಚಿಯನ್ ಸ್ಟಡೀಸ್. ಇವು ಲೇಜನರನ್ನು (ದೀಕ್ಷೆ ಪಡೆಯದ ವಿಶ್ವಾಸಿಗಳನ್ನು) ಮನಸ್ಸಿನಲ್ಲಿಟ್ಟುಕೊಂಡು ಮಾಡಿದವು. ಪರೀಕ್ಷೆ ಗಟ್ಟಿಯಾಗಿಯೇ ಇರುತ್ತದೆ. ಇಲ್ಲಿ ಸೋಲುವುದು ಬಹುಪಾಲು ಭಾಷೆಯಿಂದ ಮತ್ತು ಒಂಟಿ ಓದಿನಿಂದ. ಯಾವ ಭಾಷೆಯಲ್ಲಿ ಉತ್ತರ ಬರೆಯಬಹುದು, ಹತ್ತಿರದ ಪರೀಕ್ಷಾ ಕೇಂದ್ರ ಯಾವುದು, ಎಷ್ಟು ವರ್ಷದೊಳಗೆ ಮುಗಿಸಬೇಕು ಎಂದು ಹಣ ಕಟ್ಟುವ ಮೊದಲೇ ಪತ್ರ ಬರೆದು ಕೇಳಿ. ನಿಮಗೆ ಇದನ್ನು ಎರಡನೆಯ ವರ್ಷಕ್ಕೆ ಇಟ್ಟುಕೊಳ್ಳಲು ಹೇಳುತ್ತೇನೆ. ಬಲ್ಮಠದ ಕಾಲೇಜು 1965ರಲ್ಲಿ ಶುರುವಾದದ್ದೇ ಕನ್ನಡ ನಾಡಿನ ಸಭೆಗಳಿಗಾಗಿ. ಆದರೆ ಅಲ್ಲಿ ಉಳಿದು ಬಿ.ಡಿ. ಓದುವುದೆಂದರೆ ಕೆಲಸ ಬಿಡಬೇಕು. ಡಯಾಸಿಸ್ ನಿಮ್ಮನ್ನು ಆರಿಸಿ ಕಳಿಸದಿದ್ದರೆ ಸಂಸಾರವಿರುವವರು ಆ ಸಾಹಸಕ್ಕೆ ಇಳಿಯಬಾರದು.

ಆನ್‌ಲೈನ್ ಕೋರ್ಸು ಎಂದ ಮಾತ್ರಕ್ಕೆ ಕೆಟ್ಟದ್ದಲ್ಲ. ಯಾವುದೇ ಕೋರ್ಸಾದರೂ ನಾನು ಕೇಳುವ ಮೊದಲ ಪ್ರಶ್ನೆ: ನನ್ನ ಬರಹವನ್ನು ಯಾರು ತಿದ್ದುತ್ತಾರೆ, ಎಷ್ಟು ದಿನದಲ್ಲಿ ವಾಪಸ್ ಕೊಡುತ್ತಾರೆ? ಇದಕ್ಕೆ ನೇರ ಉತ್ತರ ಕೊಡುವವರು ಸಾಮಾನ್ಯವಾಗಿ ಉಳಿದ ವಿಷಯದಲ್ಲೂ ನೇರವಾಗಿರುತ್ತಾರೆ. ಆಮೇಲೆ ಪಠ್ಯಕ್ರಮ, ಟ್ಯೂಟರುಗಳು ಎಲ್ಲಿ ಓದಿದವರು, ನಡುವೆ ಬಿಟ್ಟರೆ ಹಣ ವಾಪಸ್ ಬರುತ್ತದೆಯೇ, ಇಲ್ಲಿನ ಕ್ರೆಡಿಟ್ಟನ್ನು ಬೇರೆ ಯಾವ ಕಾಲೇಜು ಒಪ್ಪುತ್ತದೆ. ಗೌನು-ಟೋಪಿಯ ಬಗ್ಗೆ ಮೊದಲ ಫೋನಿನಲ್ಲೇ ಹೇಳುವವರಿಂದ ದೂರವಿರಿ.

ಕ್ಯಾಥೊಲಿಕ್ ಓದುಗರೂ ಇದೇ ಬಗೆಯ ಪ್ರಶ್ನೆ ಕಳಿಸುತ್ತಿರುತ್ತಾರೆ, ಅವರಿಗೂ ಇಲ್ಲಿಯೇ ಎರಡು ಮಾತು. ಬಲಿಪೂಜೆಯ ಪ್ರಬೋಧನೆ (ಪ್ರಸಂಗ) ಧರ್ಮಸಭೆಯ ಕಾನೂನಿನ 767ನೇ ವಿಧಿಯಂತೆ ಗುರು ಅಥವಾ ಡೀಕನ್ನರಿಗೇ ಮೀಸಲು. ಆದರೆ 766ನೇ ವಿಧಿಯಂತೆ ಬೇರೆ ಸಂದರ್ಭಗಳಲ್ಲಿ ಲೇಜನರಿಗೂ ದೇವಾಲಯದಲ್ಲಿ ಬೋಧಿಸಲು ಅನುಮತಿ ಕೊಡಬಹುದು. 2021ರ ಮೇ ತಿಂಗಳಲ್ಲಿ ಪೋಪ್ ಫ್ರಾನ್ಸಿಸ್ ಧರ್ಮೋಪದೇಶಕರ ಸೇವೆಯನ್ನು ವಿಧಿವತ್ತಾದ ಲೇ ಸೇವೆಯಾಗಿ ಸ್ಥಾಪಿಸಿದರು. ಬೆಂಗಳೂರಿನಲ್ಲಿ 1967ರಿಂದ ಇರುವ ಎನ್‌ಬಿಸಿಎಲ್‌ಸಿ ಬೈಬಲ್ ಮತ್ತು ಧರ್ಮೋಪದೇಶದ ತರಬೇತಿಗೆಂದೇ ಇರುವ ಕೇಂದ್ರ. ವಿಚಾರಣೆಯನ್ನು ನಿಮ್ಮ ಧರ್ಮಕೇಂದ್ರದ ಗುರುಗಳ ಮೂಲಕ ಶುರು ಮಾಡಿ.

ಇನ್ನು ನಿಮ್ಮ ಸಭಾಪಾಲಕರ ವಿಷಯ. ಹತ್ತು ದಿನದಲ್ಲಿ ಹೊಸ ದೈವಶಾಸ್ತ್ರವನ್ನು ತುಂಬಿಸಿಕೊಳ್ಳುವ ಕೋರ್ಸಿಗಿಂತ ಅವರು ದಿನನಿತ್ಯ ಎಡವುವ ಒಂದು ಕೆಲಸವನ್ನು ಆರಿಸಿಕೊಳ್ಳುವುದು ಮೇಲು. ಇಪ್ಪತ್ತು ವರ್ಷದ ಹಿಂದೆ ಓದಿದವರಿಗೆ ಹೆಚ್ಚು ಕೊರತೆಯಾಗಿರುವುದು ಎರಡರಲ್ಲಿ. ಒಂದು, ಆಪ್ತ ಸಮಾಲೋಚನೆ. ಕುಡಿತ, ಆತ್ಮಹತ್ಯೆಯ ಮಾತು, ಒಡೆದ ಸಂಸಾರ ಇವೆಲ್ಲ ಮೊದಲು ಬರುವುದು ಪಾಸ್ಟರ್ ಮನೆ ಬಾಗಿಲಿಗೆ. ವೆಲ್ಲೂರಿನ ಸಿಎಂಸಿಯಂಥ ಆಸ್ಪತ್ರೆಗಳಲ್ಲಿ ಕ್ಲಿನಿಕಲ್ ಪ್ಯಾಸ್ಟೋರಲ್ ತರಬೇತಿ ಇದೆ. ರೋಗಿಯ ಜೊತೆ ಆಡಿದ ಮಾತನ್ನು ನೆನಪಿನಿಂದ ಅಕ್ಷರಶಃ ಬರೆದು, ಎಲ್ಲಿ ಕೇಳಿಸಿಕೊಳ್ಳುವ ಬದಲು ಉಪದೇಶ ಮಾಡಿದೆ ಎಂದು ಗುಂಪಿನ ಮುಂದೆ ಬಿಡಿಸಿ ನೋಡುವುದು ಅದರ ಮುಖ್ಯ ಅಭ್ಯಾಸ. ಮುಜುಗರವಾಗುತ್ತದೆ, ಫಲವಿರುವುದೂ ಅಲ್ಲೇ. ಪೂರ್ತಿ ತರಬೇತಿ ಹತ್ತು ದಿನದಲ್ಲಿ ಆಗುವುದಿಲ್ಲ. ಸಣ್ಣ ಶಿಬಿರ ಯಾವಾಗ ಇದೆ ಎಂದು ವಿಚಾರಿಸಲಿ.

ಎರಡು, ಕಾನೂನು. 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾದದ್ದು ತಿಳಿದವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. 'ಸಭೆಯೊಳಗೇ ಮಾತಾಡಿ ಮುಗಿಸೋಣ' ಎನ್ನುವುದು ಅಪರಾಧ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯಂತೆ ಮದುವೆಯ ವೇಳೆ ಸಾಮಾನ್ಯವಾಗಿ ಬೆಳಿಗ್ಗೆ 6ರಿಂದ ಸಂಜೆ 7ರೊಳಗೆ. ಮದುವೆ ನಡೆಸಿಕೊಡುವ ಅಧಿಕಾರ ಬಿಷಪ್ಪರಿಂದ ದೀಕ್ಷೆ ಪಡೆದವರಿಗೆ, ಸರ್ಕಾರದ ಲೈಸೆನ್ಸ್ ಪಡೆದ ಬೋಧಕರಿಗೆ, ಹೀಗೆ ಕಾಯ್ದೆ ಹೆಸರಿಸಿದವರಿಗೆ ಮಾತ್ರ. ಅಧಿಕಾರವಿಲ್ಲದೆ ನಡೆಸಿದರೆ 68ನೇ ಕಲಮಿನಲ್ಲಿ ಹತ್ತು ವರ್ಷದವರೆಗೆ ಸೆರೆವಾಸ ಇದೆ. ಸ್ವತಂತ್ರ ಸಭೆಗಳ ಕೆಲವು ಪಾಸ್ಟರುಗಳು ಬೈಬಲ್ ಕಾಲೇಜಿನ ಸರ್ಟಿಫಿಕೇಟನ್ನೇ ಈ ಲೈಸೆನ್ಸ್ ಎಂದು ತಿಳಿದಿದ್ದಾರೆ. ನಾಳೆ ದಂಪತಿಗೆ ಪಾಸ್‌ಪೋರ್ಟಿಗೋ ಆಸ್ತಿಗೋ ಮದುವೆಯ ದಾಖಲೆ ಬೇಕಾದಾಗ ತೊಂದರೆ ಹೊರಬೀಳುತ್ತದೆ. ನೀವೂ ಸಹ, ಯಾರೇ ಒತ್ತಾಯಿಸಿದರೂ, ಸಭಾಪಾಲಕರು ಬರುವುದು ತಡವಾಯಿತೆಂದು ಮದುವೆಗೆ ಕೈಹಾಕಬೇಡಿ.

ಖರ್ಚಿನ ಬಗ್ಗೆ: ನೀವು 18,000 ರೂಪಾಯಿ ತೆಗೆದಿಟ್ಟಿದ್ದರೆ ಅದನ್ನು ಒಂದೇ ಕಡೆ ಸುರಿಯಬೇಡಿ. ಮೊದಲು ಒಂದೇ ವಿಷಯಕ್ಕೆ ಹೆಸರು ನೋಂದಾಯಿಸಿ, ಮುಗಿಸಿ ನೋಡಿ. ಒಂದು ಒಳ್ಳೆಯ ಬೈಬಲ್ ನಿಘಂಟು, ಎರಡು ಅನುವಾದದ ಸತ್ಯವೇದ ಕೊಳ್ಳಿ. ಗುಂಪಿನ ಉಳಿದವರ ಶುಲ್ಕವನ್ನು ಸಭೆಯ ನಿಧಿಯಿಂದ ಭರಿಸಲು ಪ್ಯಾಸ್ಟೊರೇಟ್ ಕಮಿಟಿಗೆ ಅರ್ಜಿ ಕೊಡಿ, ಒಪ್ಪಿದರೆ ನಡಾವಳಿ ಪುಸ್ತಕದಲ್ಲಿ ಬರೆಸಿ. ಮುಂದೆ ಯಾವತ್ತಾದರೂ ಡಯಾಸಿಸ್ ನಿಮ್ಮ ಹೆಸರನ್ನು ಪರಿಗಣಿಸುವ ದಿನ ಬಂದರೆ, ಸಭೆಯೇ ನಿಮ್ಮನ್ನು ಓದಲು ಕಳಿಸಿತು ಎಂಬುದಕ್ಕೆ ಆ ಪುಟ ದಾಖಲೆಯಾಗುತ್ತದೆ.